ಹೋಗಿ ಬರುವ ಸಕ್ಕರೆ ಪೊಟ್ಟಣ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೊರಟ ಎಸ್‌ಟಿ ಬಸ್ಸು ಕುಂಭಾರಿಯಲ್ಲಿ ನಿಂತಾಗ, ಕಿಟಕಿಯ ಪಕ್ಕ ತೂಕಡಿಸುತ್ತಿದ್ದ ಮನೀಷಾ ಕಣ್ಣು ಬಿಟ್ಟಳು. ರಸ್ತೆಯ ಆಚೆ ಬದಿಯ ಮನೆಯಿಂದ ಗುರುಬಾಯಿ ಮಾವಶಿಯೂ ಅವಳ ಗಂಡ ಅಮೃತಪ್ಪ ಕಾಕಾನೂ ಒಟ್ಟಿಗೇ ಹೊರಬಿದ್ದರು. ಕಾಕಾ ಬೀಗ ಹಾಕಿದ. ಮಾವಶಿ ಅದನ್ನು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ, ಕಾಕಾ ರಸ್ತೆ ದಾಟಿ ಸೊಲ್ಲಾಪುರದ ಬಸ್ಸಿಗೆ ಬಂದ, ಮಾವಶಿ ಅಲ್ಲೇ ನಿಂತು ಅಕ್ಕಲಕೋಟೆಯ ಬಸ್ಸಿಗೆ ಕೈ ಮಾಡಿದಳು. ಅವಳ ಕಂಕುಳಲ್ಲಿ ಹಳದಿ ಕಾಗದದ ಪೊಟ್ಟಣವೊಂದಿತ್ತು.

ಪೊಟ್ಟಣದಲ್ಲಿ ಇದ್ದದ್ದು ಕಾಲು ಕಿಲೋ ಸಕ್ಕರೆ. ಅದಕ್ಕೂ ಮನೀಷಾಳ ಹಣೆಬರಹಕ್ಕೂ ಗಂಟು ಬಿದ್ದು ಹನ್ನೊಂದು ತಿಂಗಳಾಗಿತ್ತು.

ವಿಷಯ ಇಷ್ಟೇ. ಮನೀಷಾ ಅಕ್ಕಲಕೋಟೆಯ ಆಚೆಗಿನ ವಾಗದರಿಯ ನಾಗಪ್ಪನ ಮಗಳು, ಸೊಲ್ಲಾಪುರದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಹಾಸ್ಟೆಲಿಗೊಂದು ಚಾದರ ಕೊಳ್ಳಲು ನವಿ ಪೇಠೆಯ ಅಂಗಡಿಗೆ ಹೋದವಳು, ಚಾದರವನ್ನು ತಿರುವಿ ಮುರುವಿ ಒಂದು ತಾಸು ನೋಡಿ, ಕೊನೆಗೆ ಅಂಗಡಿಯವನನ್ನೇ ಮೆಚ್ಚಿ ಬಂದಳು. ಅವನೇ ಸೋಮೇಶ, ಅಂಗಡಿಯ ಮಾಲೀಕ ಚನ್ನವೀರಪ್ಪನ ಮಗ. ಇಬ್ಬರಿಗೂ ಮದುವೆಯಾಗಬೇಕಿತ್ತು. ಆದರೆ ಆ ಎರಡು ಮನೆತನಗಳಲ್ಲಿ ಹೆಣ್ಣಿನ ಅಪ್ಪ ಗಂಡಿನ ಅಪ್ಪನ ಜೊತೆ ಸಂಬಂಧದ ಮಾತು ನೇರವಾಗಿ ಆಡುವ ಪದ್ಧತಿ ಇಲ್ಲ. ಮೊದಲು ಹೂಂ ಅಂದವನ ಮೀಸೆ ಮಣ್ಣಾಯಿತು ಎಂದೇ ಲೆಕ್ಕ. ಅದಕ್ಕೆ ನಡುವಿನವರು ಬೇಕು. ನಡುವಿನವರು ಸಕ್ಕರೆ ಹಿಡಿದು ಎರಡೂ ಮನೆಗೆ ಓಡಾಡಬೇಕು, ಎರಡೂ ಕಡೆ ಹೂಂ ಆದ ದಿನ ಪೊಟ್ಟಣ ಬಿಚ್ಚಿ ಎಲ್ಲರ ಬಾಯಿಗೆ ಹಾಕಬೇಕು. ಅಲ್ಲಿಯವರೆಗೆ ಸಕ್ಕರೆ ಹೋದ ದಾರಿಯಲ್ಲೇ ಮರಳಬೇಕು.

ಗುರುಬಾಯಿ ಇತ್ತ ಚನ್ನವೀರಪ್ಪನಿಗೆ ದೊಡ್ಡಪ್ಪನ ಮಗಳು, ಅತ್ತ ಮನೀಷಾಳ ತಾಯಿಗೆ ತವರೂರ ಗೆಳತಿ, ಹಾಗಾಗಿ ಮನೀಷಾಗೆ ಮಾವಶಿ, ಅಂದರೆ ಚಿಕ್ಕಮ್ಮ. ಇರುವುದೂ ಎರಡು ಊರಿನ ನಡುವೆ. ನಡುವಿನವಳಾಗಲು ಇನ್ನೇನು ಬೇಕು? ಅವಳಿಗಂತೂ ಈ ಸಂಬಂಧ ಬೇಕೇ ಬೇಕು. ಗುರುಬಾಯಿಗೆ ಬೇಕಾದದ್ದು ಅಮೃತಪ್ಪನಿಗೆ ಬೇಡ. ಮೂವತ್ತೈದು ವರ್ಷದ ಸಂಸಾರ ಹಾಗೆಯೇ ಸುಖವಾಗಿ ಸಾಗಿದೆ. ಒಬ್ಬರು ಸೊಲ್ಲಾಪುರಕ್ಕೆ ಹೊರಟರೆ ಇನ್ನೊಬ್ಬರು ವಾಗದರಿಗೆ ಹೊರಡದೆ ಬಿಡುವುದಿಲ್ಲ. ಇನ್ನು ಆ ಅಪ್ಪಂದಿರೋ, ಒಂದೇ ಅಚ್ಚಿನಲ್ಲಿ ಹೊಯ್ದವರು. ತಾವು ಹೇಳುವುದನ್ನೇ ಹೇಳುವವನು ಎದುರಿಗೆ ಕೂತರೆ ಅವರಿಗೆ ಮೈ ತುರಿಸುತ್ತದೆ, ಚಹಾ ಸಹ ಕೇಳುವುದಿಲ್ಲ. ತಿರುಗಿ ಮಾತಾಡುವವನು ಬಂದರೆ ಮಾತ್ರ ಮೂರು ತಾಸು ವಾದ, ಎರಡು ಸಲ ಚಹಾ, ಮೇಲೆ ಭಜಿ. ಹೀಗಾಗಿ ಅಮೃತಪ್ಪ ಹೋಗಿ ‘ಬ್ಯಾಡ’ ಅಂದ ಮನೆಯಲ್ಲಿ ಹೂಂ ಹುಟ್ಟುತ್ತಿತ್ತು, ಗುರುಬಾಯಿ ಹೋಗಿ ‘ಬೇಕು’ ಅಂದ ಮನೆಯಲ್ಲಿ ಉಹೂಂ. ಮುಂದಿನ ಸಲ ಇವರು ಊರು ಬದಲಾಯಿಸಿದರೆ ಹೂಂ, ಉಹೂಂ ಸಹ ಊರು ಬದಲಾಯಿಸುತ್ತಿದ್ದವು. ಎರಡೂ ಒಂದು ಮಾತ್ರ ಆಗಲಿಲ್ಲ.

ಅಮೃತಪ್ಪ ಬಸ್ಸು ಹತ್ತಿ ಮನೀಷಾಳ ಪಕ್ಕದಲ್ಲೇ ಕೂತ.

"ಎಲ್ಲಿಗ್ ಹೊಂಟೀರಿ ಕಾಕಾ?"

"ಚನ್ನವೀರಪ್ಪನ ಮನೀಗಿ, ಮಗಳ. ನಿನ್ನ ಸಂಬಂಧ ಬ್ಯಾಡ ಅಂತ ಹೇಳಾಕ," ಎಂದು ಕಾಕಾ ಅತ್ಯಂತ ಪ್ರೀತಿಯಿಂದ ಹೇಳಿದ. "ಸಿಟ್ಟ ಮಾಡ್ಕೋಬ್ಯಾಡ. ಆಕಿ ಬೇಕು ಅನ್ನಾಕ ನಿಮ್ಮ ಮನೀಗಿ ಹೋಗ್ಯಾಳ. ಆಕಿ ಬೇಕು ಅಂದ ಮ್ಯಾಲ ನಾ ಹೂಂ ಅನ್ನಾಕ ಬರೂದಿಲ್ಲ. ಒಂದ ಮನ್ಯಾಗ ಇಬ್ಬರೂ ಒಂದ ಮಾತ ಹೇಳಿದ್ರ, ಒಬ್ಬರು ಯಾಕ ಬೇಕು?"

ಮನೀಷಾ ಕಾಕಾನ ಕಡೆಗೇ ತಿರುಗಿ ಕೂತಳು. ಮೂರು ವಾರದಿಂದ ಅವಳ ಮಾರ್ಗದರ್ಶಕರು ಒಂದೇ ಪ್ರಶ್ನೆ ಹಿಡಿದು ಅವಳನ್ನು ಕಾಡುತ್ತಿದ್ದರು. ನಿನ್ನ ಹರಳಿನಲ್ಲಿ ಈ ಮ್ಯಾಂಗನೀಸ್ ಒಂದು ಪುಟ್ಟ ಅಯಸ್ಕಾಂತ, ಆ ಮ್ಯಾಂಗನೀಸ್ ಇನ್ನೊಂದು. ಇವು ಒಂದಕ್ಕೊಂದು ತಾಕುವುದಿಲ್ಲ, ನಡುವೆ ಆಮ್ಲಜನಕ ಕೂತಿದೆ, ಅದು ಅಯಸ್ಕಾಂತವೇ ಅಲ್ಲ. ವಿದ್ಯುತ್ತೂ ಹರಿಯುವುದಿಲ್ಲ, ಇದು ಅವಾಹಕ. ಹಾಗಿದ್ದೂ ಇದು ಮೇಲೆ ಮುಖ ಮಾಡಿದರೆ ಅದು ತಪ್ಪದೆ ಕೆಳಗೆ ಮುಖ ಮಾಡುತ್ತದೆ. ಇದಕ್ಕೆ ಅದರ ಸುದ್ದಿ ಮುಟ್ಟಿಸುವವರು ಯಾರು? ಸೂತ್ರ ಬೇಡ, ಮನೆಯ ಮಾತಿನಲ್ಲಿ ಹೇಳು ಅಂದಿದ್ದರು. ಮನೀಷಾ ಸೂತ್ರವನ್ನು ನಿದ್ದೆಯಲ್ಲೂ ಬರೆಯಬಲ್ಲವಳು, ಮನೆಯ ಮಾತು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಈಗ ಅದು ಧೋತರ ಉಟ್ಟು, ಟೋಪಿ ಹಾಕಿ, ಪಕ್ಕದಲ್ಲಿ ಕೂತು ಟಿಕೆಟಿಗೆ ಜೇಬು ತಡಕುತ್ತಿತ್ತು.

ಅವಳಿಗೆ ನಗು ಬಂತು. ಹೊಟ್ಟೆಯಿಂದ ಎದ್ದ ನಗು ಮೂಗಿನಿಂದ ಹೊರಬಿತ್ತು. ಕಂಡಕ್ಟರ್ ತಿರುಗಿ ನೋಡಿದ. ಕಾಕಾ ತನ್ನ ಟೋಪಿ ಸರಿಯಾಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ.

ಸೊಲ್ಲಾಪುರದ ಸಾತ್ ರಸ್ತಾದಲ್ಲಿ ಇಳಿದವಳೇ ಸೋಮೇಶನಿಗೆ ಫೋನು ಮಾಡಿ, ಕಬ್ಬಿನ ಹಾಲಿನ ರಸವಂತಿಗೆ ಕರೆಸಿಕೊಂಡಳು. ಅವನು ಅಂಗಡಿಯ ಅಳತೆ ಪಟ್ಟಿ ಕೊರಳಲ್ಲಿರುವಂತೆಯೇ ಓಡಿ ಬಂದ.

"ಏನಾತು? ನಿಮ್ಮಪ್ಪ ಹೂಂ ಅಂದ್ರೇನು?"

"ಇಲ್ಲ. ನಿಮ್ಮಪ್ಪ ಇನ್ನ ಮೂರ ತಾಸಿನಾಗ ಹೂಂ ಅಂತಾರ, ನಮ್ಮಪ್ಪ ಉಹೂಂ ಅಂತಾರ. ಅದಕ್ಕ ಅಲ್ಲ ಕರದದ್ದು. ಕೂಡು."

ಅವಳು ಮೇಜಿನ ಆ ತುದಿಗೊಂದು ಗ್ಲಾಸು, ಈ ತುದಿಗೊಂದು ಗ್ಲಾಸು, ನಟ್ಟನಡುವೆ ಅರ್ಧ ಲಿಂಬೆಕಾಯಿ ಇಟ್ಟಳು. "ಈ ಗ್ಲಾಸು ಒಂದ ಮ್ಯಾಂಗನೀಸ್. ಇದರ ಐದು ಖೋಲಿಯೊಳಗ ಐದು ಎಲೆಕ್ಟ್ರಾನ್, ಎಲ್ಲಾರೂ ತಲಿ ಮ್ಯಾಲ ಮಾಡಿದವರು. ಇನ್ನೊಬ್ಬಾಂವ ಒಳಗ ಬರಬೇಕಂದ್ರ?"

"ಜಾಗಾ ಇಲ್ಲ."

"ಅದ. ಆದ್ರ ತಲಿ ಕೆಳಗ ಮಾಡಿದಾಂವಗ ಅಷ್ಟ. ಒಂದ ಖೋಲಿಯೊಳಗ ಒಂದ ದಿಕ್ಕಿನವರು ಇಬ್ಬರು ಕೂಡೂದಿಲ್ಲ, ಅದು ಎಲೆಕ್ಟ್ರಾನಿನ ಕಟ್ಟಳಿ. ಈಗ ಲಿಂಬಿಕಾಯಿ ನೋಡು. ಇದು ಆಮ್ಲಜನಕ. ಇದರೊಳಗ ಒಂದ ಜೋಡಿ ಐತಿ, ಒಬ್ಬರು ತಲಿ ಮ್ಯಾಲ, ಒಬ್ಬರು ತಲಿ ಕೆಳಗ. ಕುಂತಲ್ಲೆ ಕುಂತು ಇಬ್ಬರಿಗೂ ಬ್ಯಾಸರಾಗೇತಿ. ಬಾಜೂ ಮನೀಗಿ ಒಂದ ಗಳಿಗಿ ಇಣುಕಿ ಬಂದ್ರ ಜೀವಕ್ಕ ಹಗುರ."

"ಹೋಗಿ ಅಲ್ಲೇ ಇದ್ದುಬಿಟ್ರ?"

"ಇರಾಕ ಶಕ್ತಿ ಸಾಲೂದಿಲ್ಲ. ಹೋದವರು ತಿರುಗಿ ಬರಾಕೇ ಬೇಕು. ಅದಕ್ಕ ವಿದ್ಯುತ್ ಹರಿಯೂದಿಲ್ಲ. ನಮ್ಮ ಸಕ್ರಿ ಪೊಟ್ಟಣದಂಗ, ಹೋಗತೈತಿ, ಬರತೈತಿ, ಒಂದ ಹಳಕೂ ಅತ್ತಾಗ ಉಳಿಯೂದಿಲ್ಲ. ಈಗ ಹೇಳು, ಈ ಗ್ಲಾಸಿನ ಮಂದಿ ತಲಿ ಮ್ಯಾಲ ಮಾಡ್ಯಾರ. ಜೋಡಿಯೊಳಗ ಇಲ್ಲಿಗೆ ಯಾರು ಬರಬೇಕು?"

"ತಲಿ ಕೆಳಗಿನವರು."

"ಹಂಗಾದ್ರ ಆ ಗ್ಲಾಸಿಗೆ ಹೋಗಾಕ ಉಳದವರು ತಲಿ ಮ್ಯಾಲಿನವರು. ಅವರಿಗೆ ಅಲ್ಲಿ ಜಾಗಾ ಸಿಗಬೇಕಂದ್ರ, ಆ ಗ್ಲಾಸಿನ ಮಂದಿ..."

"ತಲಿ ಕೆಳಗ ಮಾಡಿರಬೇಕು," ಎಂದ ಸೋಮೇಶ. "ಮನೀಷಾ, ಇದು ಗುರುಬಾಯಿ ಅತ್ತಿ ಮನಿ ಕತಿ."

"ಅದನ್ನೇ ಹೇಳಾಕತ್ತೀನಿ."

ಇಬ್ಬರೂ ಎಷ್ಟು ನಕ್ಕರೆಂದರೆ ಗಾಣದವನು ಗಾಣ ನಿಲ್ಲಿಸಿ ನೋಡಿದ. ಹನ್ನೊಂದು ತಿಂಗಳು ಯಾರ ಮೇಲೆ ಸಿಟ್ಟಾಗಿದ್ದರೋ ಅವರೆಲ್ಲರ ಮೇಲೂ ಈಗ ಇಬ್ಬರಿಗೆ ಪ್ರೀತಿ ಉಕ್ಕಿತು. ಪಾಪ, ಯಾರ ತಪ್ಪೂ ಇರಲಿಲ್ಲ. ಅದೊಂದು ಹರಳು, ಅಷ್ಟೇ.

"ಬಿಡಿಸಾಕ ದಾರಿ ಐತೇನು?" ಎಂದು ಕೊನೆಗೆ ಸೋಮೇಶ ಕೇಳಿದ. ಅವನ ದನಿಯಲ್ಲಿ ನಗು ಇರಲಿಲ್ಲ. ದೀಪಾವಳಿಯೊಳಗೆ ಇತ್ಯರ್ಥವಾಗದಿದ್ದರೆ ಬೇರೆ ಸಂಬಂಧ ನೋಡುತ್ತೇವೆಂದು ಎರಡೂ ಮನೆಯಲ್ಲಿ ಹೇಳಿಯಾಗಿತ್ತು.

ಮನೀಷಾ ಲಿಂಬೆಕಾಯಿಯನ್ನು ಮೆಲ್ಲಗೆ ಮೇಜಿನ ಬದಿಗೆ ಸರಿಸಿದಳು. ಗ್ಲಾಸು, ಲಿಂಬೆ, ಗ್ಲಾಸು ಸೇರಿ ಈಗ ಒಂದು ಮೂಲೆಯಾಯಿತು. "ಮೂವರೂ ಒಂದ ಗೆರಿಮ್ಯಾಲ ಇದ್ದಾಗ ಒಂದ ಜೋಡಿನ ಎರಡೂ ಕಡಿ ಓಡಾಡತೈತಿ. ಆದ್ರ ಆಮ್ಲಜನಕದ ಮನ್ಯಾಗ ಇನ್ನೊಂದು ಜೋಡಿನೂ ಐತಿ, ಬ್ಯಾರೆ ಖೋಲಿಯೊಳಗ. ಹಾದಿ ಕಾಟಕೋನ, ಅಂದ್ರ ತೊಂಬತ್ತ ಡಿಗ್ರಿ, ತಿರುಗಿದ್ರ ಈ ಕಡಿಗೆ ಒಂದ ಜೋಡಿ, ಆ ಕಡಿಗೆ ಇನ್ನೊಂದ ಜೋಡಿ. ಜೋಡಿಗೊಬ್ಬರಂಗ ಹೊರಗ ಹೋಗತಾರ, ಇಬ್ಬರು ಮನ್ಯಾಗ ಉಳೀತಾರ. ಬ್ಯಾರೆ ಬ್ಯಾರೆ ಖೋಲಿಯವರು, ಜಗಳಿಲ್ಲ. ಮನ್ಯಾಗ ಉಳದ ಇಬ್ಬರೂ ಒಂದ ದಿಕ್ಕಿಗೆ ತಲಿ ಮಾಡಿದ್ರ ಅವರಿಗೆ ಭಾಳ ಸುಖ. ಹಂಗಾದ್ರ ಹೊರಗ ಹೋದವರೂ ಇಬ್ಬರೂ ಒಂದ ದಿಕ್ಕು. ಆವಾಗ ಎರಡೂ ಗ್ಲಾಸು..."

"ಒಂದ ದಿಕ್ಕು," ಎಂದ ಸೋಮೇಶ. ಅಳತೆ ಪಟ್ಟಿಯನ್ನು ಕೊರಳಿಂದ ತೆಗೆದು ಸುಮ್ಮನೆ ಮೇಜನ್ನೇ ಅಳೆಯತೊಡಗಿದ.

ಎರಡನೇ ಜೋಡಿಯನ್ನು ಹುಡುಕಬೇಕಾಗಲೇ ಇಲ್ಲ. ಗುರುಬಾಯಿಯ ಮಗಳು ಉಜ್ವಲಾಳನ್ನು ಭಂಡಾರಕವಠೆಗೆ ಕೊಟ್ಟಿದ್ದರು. ಉಜ್ವಲಾ ತಾಯಿಯ ಪಡಿಯಚ್ಚು, ಅವಳ ಗಂಡ ಕೈಲಾಸ ಮಾವನಿಗಿಂತ ಒಂದು ಕೈ ಹೆಚ್ಚಿನ ಮೊಂಡ. ಭಂಡಾರಕವಠೆ ಅಕ್ಕಲಕೋಟೆಯ ರಸ್ತೆಯಲ್ಲಿಲ್ಲ, ಪಕ್ಕಕ್ಕೆ ಸರಿದ ಊರು. ಕುಂಭಾರಿಯ ಮನೆಗೆ ಸ್ಲ್ಯಾಬ್ ಹಾಕಿಸುವ ಕೆಲಸವೂ ತಿಂಗಳುಗಟ್ಟಲೆಯಿಂದ ಹಾಗೇ ಬಿದ್ದಿತ್ತು. ಸೋಮೇಶ ಗೌಂಡಿಯನ್ನು ಗೊತ್ತು ಮಾಡಿದ, ಮನೀಷಾ ಮಾವಶಿಯ ಮನಸ್ಸು ಒಲಿಸಿದಳು. ಕೆಲಸ ಮುಗಿಯುವವರೆಗೆ ಗಂಡ ಹೆಂಡತಿ ಮಗಳ ಮನೆಗೆ ಹೊರಟರು. ಸೋಮೇಶ ಫೋನಿನ ನಕಾಶೆ ತೆಗೆದು, ಕೋನ ತೊಂಬತ್ತು ಬರುವುದಿಲ್ಲ, ಬಹಳ ಕಡಿಮೆ ಎಂದು ತಕರಾರು ತೆಗೆದ. ಹರಳಿನಲ್ಲೂ ಯಾವ ಕೋನ ಪಟ್ಟಿ ಹಿಡಿದಂತೆ ಇರುತ್ತದೆ, ಬಾಗಿದೆಯಲ್ಲ, ಸಾಕು ಎಂದಳು ಮನೀಷಾ.

ಅವಳ ಯೋಜನೆ ಸರಳವಾಗಿತ್ತು. ಬೇಡ ಅನ್ನುವ ಗಂಡಸರಿಬ್ಬರೂ ಹೊರಗೆ ಹೋಗಬೇಕು, ಅಮೃತಪ್ಪ ಸೊಲ್ಲಾಪುರಕ್ಕೆ, ಕೈಲಾಸ ವಾಗದರಿಗೆ. ಬೇಕು ಅನ್ನುವ ತಾಯಿ ಮಗಳು ಮನೆಯಲ್ಲಿ ಕೂತು ಸುಖವಾಗಿ ಶೇಂಗಾ ಬಿಡಿಸಬೇಕು. ಎರಡೂ ಕಡೆ ಹೂಂ. ಸಕ್ಕರೆ.

ಗುರುವಾರ ಮಧ್ಯಾಹ್ನ ಅವಳು ಫೋನು ಮಾಡಿದಾಗ ಎತ್ತಿದವನು ಕೈಲಾಸ.

"ಯಾಕ ಭಾವುಜಿ, ನೀವ ಇನ್ನ ಮನ್ಯಾಗ ಅದೀರಿ?"

"ಅವರಿಬ್ಬರು ಮುಂಜಾನಿನೇ ಹೋದ್ರಲಾ. ಅತ್ತಿ ಸೊಲ್ಲಾಪುರಕ್ಕ, ಉಜ್ವಲಾ ನಿಮ್ಮೂರಿಗಿ. ನಿನ್ನ ಮ್ಯಾಲಿನ ಪ್ರೀತಿ ತಡೀಲಿಲ್ಲ ಅವರಿಗಿ, ನಾವ ಎದ್ದು ಹಲ್ಲ ತಿಕ್ಕೂದರಾಗ ಬಸ್ ಹತ್ಯಾರ. ಇಲ್ಲಿ ಮಾವಾರೂ ನಾನೂ ಕುಂತು ಶೇಂಗಾ ಬಿಡಸಾಕತ್ತೀವಿ." ಅವನ ಹಿಂದಿನಿಂದ ಅಮೃತಪ್ಪನ ದನಿ ಕೇಳಿತು, "ಎಂಥಾ ಶಾಣ್ಯಾ ಅಳಿಯ ಅದಾನ ಅಂತ ಇಷ್ಟ ದಿನ ಗೊತ್ತಿರಲಿಲ್ಲ ನೋಡು."

ಮನೀಷಾ ಪ್ರಯೋಗಾಲಯದ ಸ್ಟೂಲಿನ ಮೇಲೆ ಕುಸಿದಳು. ಸಿದ್ಧಾಂತ ಬರೋಬರ್ ಇತ್ತು. ಎರಡೂ ಮನೆ ಒಂದೇ ದಿಕ್ಕಿಗೆ ತಿರುಗುತ್ತವೆ, ನಿಜ. ಆದರೆ ಯಾವ ದಿಕ್ಕಿಗೆ ಎಂದು ಮೂಲೆ ಹೇಳುವುದಿಲ್ಲ. ಎಲ್ಲರೂ ಮೇಲೆ ಇದ್ದರೂ ಹರಳಿಗೆ ಅಷ್ಟೇ ಸುಖ, ಎಲ್ಲರೂ ಕೆಳಗೆ ಇದ್ದರೂ ಅಷ್ಟೇ. ಇಷ್ಟು ಓದಿ ಬರೆದು ಅದನ್ನೇ ಮರೆತಿದ್ದಳು.

ಸಂಜೆಯ ಹೊತ್ತಿಗೆ ಸುದ್ದಿ ಬಂತು. ಚನ್ನವೀರಪ್ಪ ಉಹೂಂ. ನಾಗಪ್ಪ ಉಹೂಂ. ಇಬ್ಬರೂ ಕಡೆಯ ಉಹೂಂ ಅಂದಿದ್ದರು. ಕಡೆಯ ಉಹೂಂ ಫೋನಿನಲ್ಲಿ ಹೇಳುವಂಥದ್ದಲ್ಲ, ನಡುವಿನವರ ಮನೆಗೆ ಹೋಗಿ, ಉಂಡು, ಕೈ ಮುಗಿದು ಹೇಳಿ ಬರಬೇಕು. ಇಬ್ಬರಿಗೂ ಸಿಕ್ಕ ದಿನ ಅದೇ ರವಿವಾರ.

ರವಿವಾರ ಮನೀಷಾ ಅಪ್ಪನ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಭಂಡಾರಕವಠೆಗೆ ಬಂದಳು. ದಾರಿಯುದ್ದಕ್ಕೂ ಅಪ್ಪ ತೊಗರಿಯ ಬಗ್ಗೆ ಮಾತಾಡಿದ, ಅವಳು ಅವನ ಬೆನ್ನು ನೋಡಿದಳು. ಬಾಗಿಲಲ್ಲಿ ಸೋಮೇಶನ ಕಾರು ಆಗಲೇ ನಿಂತಿತ್ತು. ಒಳಗೆ ಇಬ್ಬರು ಅಪ್ಪಂದಿರು ಜೀವನದಲ್ಲಿ ಮೊದಲ ಸಲ ಎದುರುಬದುರು ಕೂತರು.

"ನಂದು ಉಹೂಂ ಐತ್ರಿ," ಎಂದ ನಾಗಪ್ಪ, ಗಂಟಲು ಸರಿಮಾಡಿಕೊಂಡು.

"ನಂದೂ ಉಹೂಂನ ಐತ್ರಿ," ಎಂದ ಚನ್ನವೀರಪ್ಪ.

ನಡುವಿನವರು ಒಪ್ಪಿದರೆ ತುರಿಸುವ ಮೈ ಸರಿಸಮಾನನ ಒಪ್ಪಿಗೆಗೆ ತುರಿಸಲಿಲ್ಲ, ಇಬ್ಬರ ಮುಖವೂ ಅರಳಿತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಒಮ್ಮತ ಬಂದಿತ್ತು. ಊಟಕ್ಕೆ ಕೂತರು. ಶೇಂಗಾ ಚಟ್ನಿಯನ್ನು ಕುಟ್ಟಬೇಕೇ ಹೊರತು ಮಿಕ್ಸರಿಗೆ ಹಾಕಬಾರದು ಅಂದ ನಾಗಪ್ಪ. ಹಾಕಿದವರ ಕೈ ಮುರಿಯಬೇಕು ಅಂದ ಚನ್ನವೀರಪ್ಪ. ಕಡಕ ರೊಟ್ಟಿ ಎರಡು ದಿನದ್ದಾದರೇ ರುಚಿ ಅಂದ ಒಬ್ಬ. ಮೂರು ದಿನದ್ದು ಅಂದ ಇನ್ನೊಬ್ಬ, ತಕ್ಷಣ ಇಬ್ಬರೂ ಎರಡೂವರೆಗೆ ಒಪ್ಪಿದರು. ನಾಗಪ್ಪಣ್ಣಾ, ಚನ್ನವೀರಣ್ಣಾ ಎಂದು ಕರೆಯತೊಡಗಿದರು. ಹೋಳಿಗೆಯನ್ನು ಒಬ್ಬರ ತಾಟಿಗೆ ಒಬ್ಬರು ನೂಕಿದರು. ಇಂಥ ಮನುಷ್ಯನ ಜೊತೆ ಬೀಗತನ ಆಗಲಿಲ್ಲವಲ್ಲ ಎಂದು ಇಬ್ಬರೂ ಮರುಗಿದರು, ಮರುಗುತ್ತಲೇ ಉಹೂಂ ಎಂಬ ಮಾತಿಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡರು. ಮೂಲೆಯಲ್ಲಿ ಗುರುಬಾಯಿ ಸಕ್ಕರೆ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಮನೀಷಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತ ಹರಳನ್ನು ತಿರುಗಿಸಲು ಏನು ಬೇಕು ಎಂಬುದು ಅವಳಿಗೆ ಗೊತ್ತಿತ್ತು. ಹೊರಗಿನಿಂದ ಒಂದು ಸಣ್ಣ ಅಯಸ್ಕಾಂತ ಹಿಡಿದರೆ ಸಾಕು. ಒಬ್ಬ ತಿರುಗಿದರೆ ಅವನ ಕೈ ಹಿಡಿದವನೂ ತಿರುಗುತ್ತಾನೆ. ಆದರೆ ಈ ಮನೆಯಲ್ಲಿ ಹೊರಗಿನವರು ಯಾರಿದ್ದಾರೆ? ನಡುವಿನವರು ಮಾತಾಡಿದ್ದಾರೆ, ಅಪ್ಪಂದಿರು ಮಾತಾಡಿದ್ದಾರೆ. ಹನ್ನೊಂದು ತಿಂಗಳಲ್ಲಿ ಅಪ್ಪನ ಎದುರು ಒಮ್ಮೆಯೂ ಬಾಯಿ ಬಿಡದೆ ಹೊರಗೇ ನಿಂತವಳು ಒಬ್ಬಳೇ. ಅವಳ ಕೈಯಲ್ಲಿ ತುಪ್ಪದ ಗಿಂಡಿ ಇತ್ತು.

ಅವಳು ಗಿಂಡಿಯನ್ನು ನೆಲಕ್ಕಿಟ್ಟು ಅಪ್ಪನ ಎದುರು ಕೂತಳು.

"ಅಪ್ಪಾ, ನಂಗ ಸೋಮೇಶ ಬೇಕು."

ಸೋಮೇಶ ತನ್ನ ತಾಟಿನಲ್ಲಿ ಏನೋ ಕಳೆದುಹೋದವನಂತೆ ಬಗ್ಗಿದ.

"ನಿಂಗ?" ಎಂದ ನಾಗಪ್ಪ.

"ಹೂಂ. ನಂಗ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಮಾವಶಿ ಹೇಳಿರತಾಳ ಅಂದ್ಕೊಂಡೆ."

ನಾಗಪ್ಪ ಗುರುಬಾಯಿಯ ಕಡೆ ತಿರುಗಿದ. ಗುರುಬಾಯಿ ಪೊಟ್ಟಣವನ್ನು ಮೇಲೆ ಕೆಳಗೆ ಮಾಡಿ ನೋಡಿದಳು. "ಮನೆತನ ಛಲೋ ಅಂತ ಹೇಳೀನಿ," ಎಂದಳು ಮೆಲ್ಲಗೆ. "ಹುಡುಗ ಛಲೋ ಅಂತ ಹೇಳೀನಿ. ಹುಡುಗಿ ಏನ ಅಂತಾಳ ಅಂತ... ಅಯ್ಯ, ಅದನ್ನ ಒಮ್ಮೀನೂ ಹೇಳಲಿಲ್ಲ ನೋಡ್ರಿ. ಅಕೀನ್ನ ಕೇಳಲೇ ಇಲ್ಲ."

ನಾಗಪ್ಪ ಕೈಯ ರೊಟ್ಟಿಯನ್ನು ತಾಟಿಗಿಟ್ಟು ಮಗಳ ಮುಖ ನೋಡಿದ. ವಾದ ಹಾಕಲು ಅವನಿಗೆ ಎದುರಾಳಿ ಸಿಗಲಿಲ್ಲ. ಅಲ್ಲಿ ಅವನ ಮಗಳಿದ್ದಳು, ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ತಡೆಯಲಾಗದ ನಗುವೂ ಇತ್ತು.

"ಚನ್ನವೀರಣ್ಣಾ," ಎಂದ ಅವನು, ಮಗಳ ಮೇಲಿನ ಕಣ್ಣು ತೆಗೆಯದೆ, "ನಂದು ಹೂಂ ಆತ್ರಿ."

"ನಿಮ್ಮದು ಹೂಂ ಅಂದ ಮ್ಯಾಲ ನಂದು ಬ್ಯಾರೆ ಹೆಂಗ ಆದೀತು?" ಎಂದ ಚನ್ನವೀರಪ್ಪ. "ಎರಡೂವರಿ ದಿನದ ರೊಟ್ಟಿ ಮ್ಯಾಲ ಆಣಿ. ನಂದೂ ಹೂಂ."

"ಈ ಸಂಬಂಧ ಬ್ಯಾಡ," ಎಂದರು ಅಮೃತಪ್ಪ, ಕೈಲಾಸ ಒಂದೇ ಉಸಿರಿಗೆ, ಹಳೆಯ ರೂಢಿಯಿಂದ. ಅದನ್ನು ಕೇಳಿ ಅಪ್ಪಂದಿರಿಬ್ಬರ ಹೂಂ ಕಲ್ಲಿನಷ್ಟು ಗಟ್ಟಿಯಾಯಿತು.

ಕಲ್ಲಿನಷ್ಟು ಗಟ್ಟಿಯಾದದ್ದು ಸಕ್ಕರೆಯೂ ಹೌದು. ಗುರುಬಾಯಿ ಪೊಟ್ಟಣ ಬಿಚ್ಚಿದರೆ ಹನ್ನೊಂದು ತಿಂಗಳ ಬೆವರು, ಮಳೆ, ಎಸ್‌ಟಿಯ ಸೆಕೆ ಎಲ್ಲ ಕುಡಿದು ಅದು ಒಂದೇ ಗಡ್ಡೆಯಾಗಿ ಕೂತಿತ್ತು. ಉಜ್ವಲಾ ಕೈಯಿಂದ ಒತ್ತಿದಳು, ಜಗ್ಗಲಿಲ್ಲ. ಕೈಲಾಸ ನೆಲಕ್ಕೆ ಕುಕ್ಕಿದ, ಫರಶಿಯ ಚೂರು ಎದ್ದಿತು. ಕೊನೆಗೆ ಚಟ್ನಿ ಕುಟ್ಟುವ ಒರಳಿಗೆ ಹಾಕಿ ಬೀಗರಿಬ್ಬರೂ ಸರತಿಯ ಮೇಲೆ ಕುಟ್ಟಿದರು. ಪ್ರತಿ ಪೆಟ್ಟಿಗೂ ಎಲ್ಲರೂ ನಕ್ಕರು. ಸೋಮೇಶನಂತೂ ಅಳತೆ ಪಟ್ಟಿ ಇಲ್ಲದ ಕೊರಳನ್ನು ಸುಮ್ಮನೆ ಸವರಿಕೊಳ್ಳುತ್ತ ಮನೀಷಾಳನ್ನೇ ನೋಡುತ್ತಿದ್ದ. ಸಕ್ಕರೆಗೆ ಒಂಚೂರು ಶೇಂಗಾ ಚಟ್ನಿಯ ಖಾರ ಹತ್ತಿತ್ತು.

ನಾಗಪ್ಪ ಒಂದು ದೊಡ್ಡ ಚೂರು ಆರಿಸಿ ತಾನೇ ಮಗಳ ಬಾಯಿಗೆ ಹಾಕಿದ. ಹಾಕಿ, ಕೈ ತೆಗೆಯದೆ ಅವಳ ಗಲ್ಲ ಹಿಡಿದುಕೊಂಡೇ ಕೂತ.

"ಹನ್ನೊಂದು ತಿಂಗಳದಾಗ ಮನೀಗಿ ಬಂದಾಗೆಲ್ಲಾ ನನ್ನ ಬಾಜೂಕ ಕುಂತು ಉಂಡಿ," ಎಂದ. "ನಿನ್ನ ಮಾತ ಕೇಳಾಕ ನಾ ಕುಂಭಾರಿ ಬಸ್ಸಿನ ಹಾದಿ ಯಾಕ ಕಾದೆ?"

ಮನೀಷಾಗೆ ಉತ್ತರ ಗೊತ್ತಿತ್ತು, ಹರಳಿನಲ್ಲಿ ಸುದ್ದಿಯೆಲ್ಲ ನಡುವಿನವರ ಕೈಯಿಂದಲೇ ಮುಟ್ಟುತ್ತದೆ. ಆದರೆ ಬಾಯಿ ತುಂಬ ಸಕ್ಕರೆ ಇತ್ತು, ನಾಲಿಗೆಗೆ ಖಾರ ಹತ್ತಿತ್ತು. ಅವಳು ನಗುತ್ತ, ಮೂಗು ಸೇದುತ್ತ, ಅಪ್ಪನ ಕೈ ಹಿಡಿದುಕೊಂಡು ಕೂತಳು.